ಎದುರು ಮನೆಯ ಜಗುಲಿ

ನನ್ನ ವೆಬ್‌ಸೈಟಿನ ಬುಡದಲ್ಲಿ ಒಂದು ಸಾಲು ಹಾಕಿಕೊಂಡಿದ್ದೆ: 'ಇಲ್ಲಿನ ಬರಹಗಳ ಬಗ್ಗೆ ಬೇರೆ ಕಡೆ ಅಭಿಪ್ರಾಯ ಬರೆಯುವವರು ಮೊದಲು ಲೇಖಕರ ಅನುಮತಿ ಪಡೆಯತಕ್ಕದ್ದು.' ಓದುಗರು ಇಪ್ಪತ್ತು ಮಂದಿ ಇದ್ದರೆ ಹೆಚ್ಚು; ಗತ್ತು ಮಾತ್ರ ದುರ್ಗದ ಪಾಳೆಯಗಾರನದು. ನನ್ನ ಪುಟದಲ್ಲಿ ಟೀಕೆ ಬರೆಯುವ ಜಾಗವನ್ನಂತೂ ಮೊದಲೇ ಮುಚ್ಚಿದ್ದೆ, ಮನೆ ಚೊಕ್ಕಟವಾಗಿರಲಿ ಎಂದು.

ನನ್ನ ಜಗುಲಿಗೆ ನಾನು ಬೀಗ ಹಾಕಬಹುದು. ಎದುರು ಮನೆಯ ಜಗುಲಿಯಲ್ಲಿ ಕುಳಿತು ನನ್ನ ಬಗ್ಗೆ ಮಾತಾಡುವವರ ಬಾಯಿಗೂ ಬೀಗ ಬೇಕು ಎನ್ನುವವನನ್ನು ಊರಿನಲ್ಲಿ ಹುಚ್ಚ ಎನ್ನುತ್ತಾರೆ. ಇಂಟರ್‌ನೆಟ್ಟಿನಲ್ಲಿ ಅವನು ವೆಬ್‌ಸೈಟಿನ ಮಾಲೀಕ. ಸೂತ್ರ ಬರೆದವನ ಸಹಿ ಪಡೆದು ಭಾಷ್ಯ ಬರೆದವರು ಯಾರೂ ಇಲ್ಲ. ಪಡೆಯಬೇಕಿದ್ದರೆ ನಮ್ಮಲ್ಲಿ ಪಂಡಿತರೇ ಹುಟ್ಟುತ್ತಿರಲಿಲ್ಲ, ಬರೀ ಅರ್ಜಿ ಬರೆಯುವವರು ಹುಟ್ಟುತ್ತಿದ್ದರು.

ಇಷ್ಟು ಜ್ಞಾನ ನನಗೆ ಬಂದದ್ದು ಏಟು ಬಿದ್ದ ಮೇಲೆ. ಐದನೇ ವಯಸ್ಸಿನಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು, ಮಾರಿಕಣಿವೆ ಅಣೆಕಟ್ಟೆ ತುಂಬಿ ಕೋಡಿ ಬಿದ್ದದ್ದನ್ನು ನೋಡಿದೆ ಎಂದು ಬರೆದಿದ್ದೆ. ಅಪ್ಪ ಮರುವರ್ಷವೇ ತೀರಿಕೊಂಡರು. ಅವರದೆಂದು ನನ್ನಲ್ಲಿ ಉಳಿದಿರುವ ನೆನಪು ಅದೊಂದೇ. ಹಿರಿಯೂರಿನವರ ಮೊಬೈಲ್ ಗುಂಪಿನಲ್ಲಿ ಯಾರೋ ಅದನ್ನು ಹಂಚಿದರು. ಅಣೆಕಟ್ಟೆಯ ತೂಬು ನೋಡಿಕೊಳ್ಳುತ್ತಿದ್ದು ನಿವೃತ್ತರಾದ ತಿಪ್ಪೇಸ್ವಾಮಿ ಎಂಬವರು ಕೆಳಗೆ ಬರೆದರು: 'ಆ ಕಾಲದಾಗೆ ಕೋಡಿ ಬಿದ್ದೇ ಇಲ್ಲ. ಸಾಹಿತಿಗಳು ಕನಸು ಕಂಡವ್ರೆ.'

ಅಳಿಸಿ ಎಂದು ಹೇಳಲು ಫೋನ್ ಮಾಡಿದೆ.

"ಅಳಿಸ್ತೀನಿ ಬಿಡ್ರಿ. ನಾನು ಅಳಿಸಿದ್ರೆ ಆವಾಗಿನ ಕೋಡಿ ಬಿದ್ದಂಗಾತದೇನು?" ಎಂದರು. "ನಿಮ್ಮಲ್ಲೇ ಬರಿಯಾಣ ಅಂದ್ರೆ ಬಾಗ್ಲು ಹಾಕ್ಕಂಡು ಕುಂತಿದೀರಿ."

ವಿಶ್ವವಿದ್ಯಾಲಯದಲ್ಲಿ ಎಲ್ಲದಕ್ಕೂ ಆಧಾರ ಕೇಳುವುದನ್ನು ಕಲಿತವನು ನಾನು. ಕೇಳಿದವರಿಗೆ ಕೊಡುವುದನ್ನು ಕಲಿತಿರಲಿಲ್ಲ. ಈಚೆಗೆ ನಿಜವಾಗಿಯೂ ಕೋಡಿ ಬಿದ್ದಾಗ ಅದನ್ನು ಮೊಬೈಲಿನಲ್ಲಿ ನೂರು ಸಲ ನೋಡಿದ್ದೆ. ಆ ನೀರೇ ಹಿಂದಕ್ಕೆ ಹರಿದು ನನ್ನ ಬಾಲ್ಯದೊಳಗೆ ನುಗ್ಗಿರಬೇಕು. ಹಾಗಾದರೆ ಅಪ್ಪನ ಹೆಗಲೂ ಸುಳ್ಳೇ? ಕೇಳಬಾರದೆಂದುಕೊಂಡೇ ತಿಪ್ಪೇಸ್ವಾಮಿಯವರನ್ನು ಕೇಳಿಬಿಟ್ಟೆ.

ಅವರು ಕೋಡಿಯ ಮಾತು ಬಿಟ್ಟರು. "ನಾಲೆಗೆ ನೀರು ಬಿಟ್ಟ ದಿನ ಜನ ಬರೋರು ಕಣ್ರಿ, ಹುಡುಗ್ರನ್ನ ಹೆಗಲ ಮ್ಯಾಲೆ ಕುಂದ್ರಿಸ್ಕಂಡು. ತೂಬಿನ ಸದ್ದಿಗೆ ಹೆದ್ರಿ ಅಳೋವು. ನೀವು ಅತ್ತಿದ್ರಾ?"

ಅತ್ತಿದ್ದೆ. ಅಥವಾ ಅವರು ಕೇಳಿದ ಮೇಲೆ ಅತ್ತಂತೆ ನೆನಪಾಯಿತು. ನನ್ನ ನೆನಪಿನ ಯೋಗ್ಯತೆ ಈಗ ನನಗೆ ಗೊತ್ತು. ಎದುರು ಜಗುಲಿಗೆ ಬೀಗ ಬಿದ್ದಿದ್ದರೆ ಆ ಅಳುವೂ ಸಿಗುತ್ತಿರಲಿಲ್ಲ.

ಕೋಡಿಯನ್ನು ತೆಗೆದು ನಾಲೆ ಎಂದು ತಿದ್ದಿದೆ. ಬುಡದ ಸಾಲನ್ನೂ ಕಿತ್ತೆ. ಆ ವರ್ಷ ನಾಲೆಗಾದರೂ ನೀರು ಬಿಟ್ಟಿದ್ದರೇ ಎಂದು ಗುಂಪಿನಲ್ಲೀಗ ಹೊಸ ಚರ್ಚೆ ನಡೆದಿದೆ. ಅಪ್ಪನ ಹೆಗಲಿನ ತನಕ ಇನ್ನೂ ಯಾರೂ ಬಂದಿಲ್ಲ. ಬಂದ ದಿನ, ಇದಕ್ಕೆಲ್ಲ ಒಂದು ಕಾನೂನು ಬೇಕು ಎಂದು ಕೂಗುವವರಲ್ಲಿ ನಾನೇ ಮೊದಲಿಗ.