ಗೇಟಿನಲ್ಲಿ ನೆನೆದ ಕೊಬ್ಬರಿ

ಗೆಳೆಯರೇ, ನಮ್ಮ ದೊಡ್ಡಪ್ಪ ವರ್ಷವಿಡೀ ಅಟ್ಟದ ಮೇಲೆ ತೇವ ತಾಗದಂತೆ ಕಾಪಾಡಿದ್ದ ಕೊಬ್ಬರಿ ಇವತ್ತು ತಿಪಟೂರಿನ ಒಂದು ಗೋದಾಮಿನ ಗೇಟಿನಲ್ಲಿ ನೆನೆಯಿತು. ಒಳಗೆ ಬಿಡುವ ಚೀಟಿ ಮುದ್ರಿಸುವ ಕಂಪ್ಯೂಟರ್ ನಿಂತುಹೋಗಿತ್ತು. ಚೀಟಿಯಿಲ್ಲದೆ ಗೇಟು ತೆರೆಯುವಂತಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ಟಾರ್ಪಾಲು ಅರ್ಧ ಚೀಲಗಳಿಗಷ್ಟೇ ಸಾಲುತ್ತಿತ್ತು.

“ಕೈಯಲ್ಲೇ ಒಂದ್ ಚೀಟಿ ಬರ್ದು ಒಳಕ್ ಬುಡಪ್ಪ,” ಎಂದರು ದೊಡ್ಡಪ್ಪ.

“ಕೈಚೀಟಿ ಎಲ್ಲಾ ನಿಲ್ಸಿದೀವಿ ಕಣ್ರೀ. ಈ ಸಿಸ್ಟಮ್ಮು ನಿಲ್ಲೋದೇ ಇಲ್ಲ ಅಂತ ಹೇಳೇ ಹಾಕ್ಕೊಟ್ಟಿರೋದು,” ಎಂದ ಮ್ಯಾನೇಜರ್.

“ಈಗ ನಿಂತೈತಲ್ಲಪ್ಪ!”

“ವರ್ಷಕ್ಕೆ ಎಲ್ಲೋ ಒಂದ್ಸಲ ಕಣ್ರೀ.”

“ನಾನೂ ವರ್ಷಕ್ಕೆ ಒಂದೇ ಸಲ ಕಣಪ್ಪ ಬರೋದು.”

ಮ್ಯಾನೇಜರ್ ಛತ್ರಿ ಬಿಚ್ಚಿಕೊಂಡು ಒಳಗೆ ಹೋದ.

ಮಳೆ ನಿಂತ ಮೇಲೆ ಕಂಪ್ಯೂಟರ್ ಸರಿಹೋಯಿತು. ಚೀಟಿ ಬಂತು, ಗೇಟು ತೆರೆಯಿತು. ಅದೇ ಮ್ಯಾನೇಜರ್ ಚೀಲದಿಂದ ಒಂದು ಕೊಬ್ಬರಿ ತೆಗೆದು, ತೇವ ಅಳೆಯುವ ಮೀಟರು ಒತ್ತಿ, “ತೇವ ಜಾಸ್ತಿ ಐತೆ, ಒಣಗಿಸ್ಕೊಂಡ್ ಬನ್ನಿ,” ಎಂದ.

ಚೀಲಗಳ ಜೊತೆ ಊರಿಗೆ ವಾಪಸಾದೆವು.

ಅಲ್ಲಿನ ಯಂತ್ರಗಳನ್ನೆಲ್ಲ ದೂರುವುದು ನ್ಯಾಯವಲ್ಲ. ಆ ಮೀಟರು ಒಂದು ಕ್ಷಣವೂ ಕೈಕೊಡಲಿಲ್ಲ.