ನಾರು ಸುತ್ತಿದ ಗಾಳಿ ಟ್ಯಾಂಕು

ತುರುವೇಕೆರೆಯಿಂದ ತಿಪಟೂರಿಗೆ ಹೋಗುವ ರಸ್ತೆಯಲ್ಲಿ ನನ್ನ ಗಂಡ ಟೈರಿನ ಅಂಗಡಿ ಇಟ್ಟಿದ್ದ. ಲಾರಿ, ಟ್ರ್ಯಾಕ್ಟರು, ಎತ್ತಿನ ಟೈರ್ ಗಾಡಿ, ಯಾವುದು ಬಂದರೂ ಪಂಚರ್ ಹಾಕಿ ಗಾಳಿ ತುಂಬುವ ಕೆಲಸ. ಬೋರ್ಡಿನಲ್ಲಿ ಅವನ ಹೆಸರಿತ್ತು. ಗಲ್ಲಾಪೆಟ್ಟಿಗೆಯ ಕೀಲಿ ನನ್ನ ಅತ್ತೆಯ ಸೊಂಟದಲ್ಲಿತ್ತು.

ಗಾಳಿ ಮಿಷಿನ್ನಿನ ಜೊತೆ ಬಂದಿದ್ದ ಟ್ಯಾಂಕು ಸಣ್ಣದು. ಒಂದು ಲಾರಿ ಚಕ್ರ ತುಂಬುವಷ್ಟರಲ್ಲಿ ಬರಿದಾಗಿ ಮೋಟಾರು ಮತ್ತೆ ಕೂಗಲು ಶುರುಮಾಡುತ್ತಿತ್ತು. ಅದು ಕೂಗಿದಾಗಲೆಲ್ಲ ಅತ್ತೆ ಒಳಗಿನಿಂದ ಕರೆಂಟ್ ಬಿಲ್ಲಿನವರಿಗೂ ನನಗೂ ಸೇರಿಸಿ ಬೈಯುತ್ತಿದ್ದಳು. ಗುಜರಿಯಲ್ಲಿ ದೊಡ್ಡ ಟ್ಯಾಂಕೊಂದು ಬಂದಿದೆ, ಅದನ್ನು ಕೂಡಿಸಿಕೊಂಡರೆ ಒಮ್ಮೆ ತುಂಬಿಸಿ ಮೋಟಾರು ಆರಿಸಿಬಿಡಬಹುದು, ರಾತ್ರಿ ನಲ್ಲಿ ಮುಚ್ಚಿ ಮಲಗಿದರೆ ಬೆಳಗಿನ ಗಿರಾಕಿಗಳಿಗೆ ಕರೆಂಟೇ ಬೇಡ ಅಂತ ಗಂಡ ಹೇಳಿದ. ಅದಕ್ಕೆ ನನ್ನ ಚಿನ್ನದ ಬಳೆ ಹೋದವು. ಕೊಡುತ್ತೀಯಾ ಅಂತ ಯಾರೂ ಕೇಳಲಿಲ್ಲ. ಅತ್ತೆ ನನ್ನ ಕೈ ಹಿಡಿದಳು, ಗಂಡ ಸೋಪು ಹಚ್ಚಿ ಎಳೆದ.

ಪೈಪು ಕೂಡಿಸಲು ಬಂದವನು ಗಾಳಿ ಸೋರದಂತೆ ತಿರುಪಿಗೆ ಸುತ್ತಲು ಸೆಣಬಿನ ನೂಲು, ಮೇಲೆ ಬಳಿಯಲು ಬಣ್ಣ ಕೇಳಿದ. ತೆಂಗಿನ ಸೀಮೆಯಲ್ಲಿ ಹುಟ್ಟಿ ನಾರಿಗೆ ದುಡ್ಡು ಕೊಡಬೇಕಾ ಅಂತ ಅತ್ತೆ ಹಿತ್ತಲಿನಿಂದ ಕಾಯಿ ನಾರು ತಂದು ತೊಡೆಯ ಮೇಲೆ ಹೊಸೆದು ಕೊಟ್ಟಳು.

"ಇದು ಬಾವಿ ಹಗ್ಗ ಅಲ್ಲ ಕಣಮ್ಮ, ಗಾಳಿ ನಿಲ್ಲಕಿಲ್ಲ," ಅಂದ ಅವನು.

"ಸುತ್ತಪ್ಪ ಸುಮ್ಕೆ."

ಅವನು ಸುತ್ತಿ ಕೂಲಿ ಇಸಕೊಂಡು ಹೋದ.

ಮಾರನೇ ಬೆಳಿಗ್ಗೆ ನೋಡಿದರೆ ಗಾಳಿ ತೋರಿಸುವ ಮುಳ್ಳು ಅರ್ಧಕ್ಕೆ ಇಳಿದಿತ್ತು. ಅದರ ಮಾರನೇ ದಿನವೂ ಹಾಗೇ. ಬಿಲ್ಲು ಇಳಿಯುವ ಬದಲು ಏರಿತು. ನನ್ನ ಅಣ್ಣ ಕೊಬ್ಬರಿ ಹರಾಜಿನ ದಿನ ತೌರಿನಿಂದ ತಿಪಟೂರಿಗೆ ಟೈರ್ ಗಾಡಿ ಹೊಡೆದುಕೊಂಡು ಹೋಗುವಾಗ ಬೆಳಿಗ್ಗೆ ನಮ್ಮಲ್ಲಿ ಕಾಫಿ ಕುಡಿದು ಹೋಗುತ್ತಿದ್ದ. ಅತ್ತೆಗೆ ಅಷ್ಟು ಸಾಕಾಯಿತು. ನಾನು ಅವನಿಗೆ ಪುಕ್ಕಟೆ ಗಾಳಿ ಬಿಡುತ್ತೇನೆ ಅಂತ ಬಂದ ಗಿರಾಕಿಗಳಿಗೆಲ್ಲ ಹೇಳಿದಳು. ನನಗೆ ಹೇಳಿದ್ದು ಇದು:

"ನಿನಗೆ ಬರದ ಹೊಟ್ಟೆ ನಿಮ್ಮಣ್ಣನ ಗಾಡಿ ಚಕ್ರಕ್ಕೆ ಬಂದೈತೆ ನೋಡೇ."

ಕೊಬ್ಬರಿ ಅಟ್ಟದ ದೊಡ್ಡ ಬೀಗ ತಂದು ಟ್ಯಾಂಕಿನ ನಲ್ಲಿಗೆ ಸರಪಳಿ ಬಿಗಿದಳು. ಮುಳ್ಳು ಆಗಲೂ ಇಳಿಯಿತು. ಹಾಗಾದರೆ ಇವಳು ಕಳ್ಳ ಕೀಲಿ ಮಾಡಿಸಿದ್ದಾಳೆ ಅಂದಳು. ಮುಂದಿನ ಹರಾಜಿಗೆ ಅಣ್ಣ ಬಂದಾಗ ಅದೇ ಗಾಡಿಯಲ್ಲಿ ನನ್ನನ್ನು ತೌರಿಗೆ ಹೊರಡಿಸುವುದು ಅಂತ ತೀರ್ಮಾನವಾಯಿತು. ಗಂಡ ಕೈಯಲ್ಲಿದ್ದ ಟ್ಯೂಬಿನ ತೂತು ಹುಡುಕುತ್ತಾ ಕೂತಿದ್ದ.

ಆ ದಿನ ನನ್ನ ಟ್ರಂಕು ರಸ್ತೆಗೆ ಬಂತು. ಅಣ್ಣನ ಕೈಯಲ್ಲಿ ಕಾಫಿ ಲೋಟ, ಅಕ್ಕಪಕ್ಕದವರ ಜೊತೆ ಒಬ್ಬ ಲಾರಿ ಡ್ರೈವರೂ ನಿಂತು ನೋಡುತ್ತಿದ್ದ. ನಾನು ಬಟ್ಟೆ ಸೋಪನ್ನು ನೀರಿನಲ್ಲಿ ಕದಡಿ ನೊರೆ ಮಾಡಿಕೊಂಡು ಬಂದೆ. ಟ್ಯೂಬಾದರೆ ತೊಟ್ಟಿಗೆ ಅದ್ದಿ ತೂತು ಹುಡುಕುತ್ತೇವೆ. ಟ್ಯಾಂಕನ್ನು ಅದ್ದಲು ಆಗುವುದಿಲ್ಲ. ಪೈಪಿನ ಉದ್ದಕ್ಕೂ ನೊರೆ ಬಳಿದೆ. ನಾರು ಸುತ್ತಿದ ಕಡೆ ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು.

"ಕಳ್ಳಿ ಸಿಕ್ಕಿದ್ಲು ಬುಡಿ," ಅಂತ ಡ್ರೈವರ್ ನಕ್ಕ.

ಅತ್ತೆಯ ಮುಖ ಒಂದಿಷ್ಟೂ ಬಾಡಲಿಲ್ಲ. "ಗಾಳಿ ಹೆಂಗಾದ್ರೂ ಹೋಗ್ಲಿ. ಇವನು ಇಷ್ಟು ದಿನ ಕುಡಿದ ಕಾಫಿ ಯಾರಪ್ಪಂದು?"

ಅಣ್ಣ ಲೋಟದಲ್ಲಿದ್ದುದನ್ನು ನೆಲಕ್ಕೆ ಚೆಲ್ಲಿ ಲೋಟ ಕೆಳಗಿಟ್ಟ.

"ಬಾರವ್ವ, ಹೋಗಾನ," ಅಂದ.

ನಾನು ಟ್ರಂಕು ಎತ್ತಿಕೊಂಡು ಒಳಗೆ ಹೋದೆ. ಗಂಡನ ಮೇಲಿನ ಪ್ರೀತಿಯಿಂದಲ್ಲ. ತೌರಿನಲ್ಲಿ ಅತ್ತಿಗೆಯ ಕೈಕೆಳಗೆ ಕಾಯಿ ಸುಲಿದುಕೊಂಡು ಇರುವುದಕ್ಕಿಂತ ನನ್ನ ಬಳೆ ಇರುವ ಕಡೆ ಇರುವುದು ವಾಸಿ ಅನ್ನಿಸಿತು. ಬಳೆ ಆ ಟ್ಯಾಂಕಿನಲ್ಲಿದ್ದವು. ನನ್ನನ್ನು ಮತ್ತೆ ಹೊರಡು ಅನ್ನಲು ಅತ್ತೆಗೆ ನೆಪ ಇರಲಿಲ್ಲ. ಅಣ್ಣ ಒಬ್ಬನೇ ಗಾಡಿ ಹೊಡೆದುಕೊಂಡು ಹೋದ.

ಗಂಡ ನಾರು ಕಿತ್ತು ಸೆಣಬು ಸುತ್ತಿ ಬಣ್ಣ ಬಳಿದ. ಮುಳ್ಳು ರಾತ್ರಿಯಿಡೀ ನಿಂತಲ್ಲೇ ನಿಲ್ಲತೊಡಗಿತು. ಹಗಲಲ್ಲೂ ಮೋಟಾರಿನ ಸದ್ದು ಕಮ್ಮಿಯಾಗಿ ಬಿಲ್ಲು ಇಳಿಯಿತು. ಟ್ಯಾಂಕು ತರಿಸಿದ್ದು ತನ್ನ ಬುದ್ಧಿ ಅಂತ ಅತ್ತೆ ಬಂದವರಿಗೆಲ್ಲ ಹೇಳಿದಳು. ಗಿರಾಕಿಗಳು ಹೌದು ಹೌದು ಅಂದರು.

ಅಣ್ಣ ಆಮೇಲೆ ನಮ್ಮ ಅಂಗಡಿ ಮುಂದೆ ಗಾಡಿ ನಿಲ್ಲಿಸಲಿಲ್ಲ. ಇನ್ನೊಂದು ಹರಾಜಿನ ಬೆಳಿಗ್ಗೆ ಬಂದಾಗ ಅವನ ಒಂದು ಚಕ್ರ ಪೂರಾ ಕೂತುಹೋಗಿತ್ತು. ಕೊಬ್ಬರಿ ಚೀಲಗಳು ಆ ಕಡೆಗೆ ವಾಲಿದ್ದವು. ಎತ್ತುಗಳ ಬಾಯಲ್ಲಿ ನೊರೆ. ನಾನು ಗಾಳಿ ಪೈಪು ಹಿಡಿದು ರಸ್ತೆಗೆ ಇಳಿದೆ.

"ಕಾಫಿದೂ ಸೇರಿಸಿ ಈಸ್ಕೊಳ್ಳೇ," ಅಂತ ಒಳಗಿನಿಂದ ಅತ್ತೆ ಕೂಗಿದಳು.

ಅವನಿಗೆ ಕೇಳಿಸಿತು. ನನ್ನ ಕಡೆ ಕತ್ತು ತಿರುಗಿಸದೆ ಎತ್ತಿನ ಬಾಲ ಮುರಿದು ಮುಂದಕ್ಕೆ ಹೊಡೆದ. ಕೂತ ಟೈರು ರಸ್ತೆಗೆ ಉಜ್ಜುತ್ತಾ ಹೋಯಿತು. ತಿಪಟೂರು ಇನ್ನೂ ದೂರವಿತ್ತು. ನನ್ನ ಹಿಂದೆ ಟ್ಯಾಂಕು ಭರ್ತಿಯಾಗಿತ್ತು, ಅಂದು ಬೆಳಿಗ್ಗೆಯಿಂದ ಮೋಟಾರು ಒಂದು ಸಲವೂ ಕೂಗಿರಲಿಲ್ಲ.