ಮುನ್ನೂರು ಗ್ರಾಂ ಕಡಿಮೆ ಬರೆದವಳು

ಚೀಟಿ ಎತ್ತಿದವಳು ಸೆಬಾಸ್ತಿಯಾನಾಳೇ. ರಾಜಧಾನಿಯಿಂದ ಬಂದಿದ್ದ ಅರ್ಥಶಾಸ್ತ್ರಜ್ಞೆ ಡಾಕ್ಟರ್ ಲೆದೆಸ್ಮಾ ಇಪ್ಪತ್ತು ಹಳ್ಳಿಗಳ ಹೆಸರು ಬರೆದ ಚೀಟಿಗಳನ್ನು ಟೋಪಿಯೊಳಗೆ ಹಾಕಿ, "ನಿಮ್ಮವರ ಕೈಯಿಂದ್ಲೇ ಆಗ್ಲಿ" ಅಂದಿದ್ದರು. ಮೊದಲು ಬಂದ ಹತ್ತು ಹಳ್ಳಿಗಳ ಕೂಸುಗಳಿಗೆ ಎರಡು ವರ್ಷ ಪೌಷ್ಟಿಕ ಹಿಟ್ಟು. ಉಳಿದ ಹತ್ತಕ್ಕೆ ಅದಾದ ಮೇಲೆ. ಅಷ್ಟರಲ್ಲಿ ಎರಡೂ ಕಡೆಯ ಮಕ್ಕಳನ್ನು ಅಳೆದು ತೂಗಿ, ಹೊಟ್ಟೆಗೆ ಸರಿಯಾಗಿ ಬಿದ್ದರೆ ಬಡವರ ಮಕ್ಕಳೂ ಎಷ್ಟು ಬೆಳೆಯುತ್ತಾರೆಂದು ಸರ್ಕಾರಕ್ಕೆ ತೋರಿಸಬೇಕೆಂಬುದು ಅವರ ಹಟ. ಹತ್ತು ಚೀಟಿ ಎತ್ತಿದ್ದಾಯಿತು. ಸೆಬಾಸ್ತಿಯಾನಾಳ ಊರು ಚುವಿಶಾಕ್ ಟೋಪಿಯಲ್ಲೇ ಉಳಿಯಿತು.

ಗ್ವಾಟೆಮಾಲಾದ ಆ ಬೆಟ್ಟದ ಸೀಮೆಯಲ್ಲಿ ಮನೆಮಾತು ಕಿಚೆಯ ಜೊತೆ ಸ್ಪ್ಯಾನಿಷ್ ಓದುಬರಹವನ್ನೂ ಬಲ್ಲ ಹೆಂಗಸರು ಕಡಿಮೆ. ಹಾಗಾಗಿ ಅಳೆಯುವ ಕೆಲಸ ಅವಳಿಗೆ ಸಿಕ್ಕಿತ್ತು. ಗಂಡ ಸತ್ತ ಮೇಲೆ ಅವಳ ಒಲೆ ಉರಿಯುತ್ತಿದ್ದುದೇ ಅದರಿಂದ. ಮೂರು ತಿಂಗಳಿಗೊಮ್ಮೆ ಮಕ್ಕಳ ಉದ್ದ ಅಳೆಯುವ ಹಲಗೆ, ತಕ್ಕಡಿ ಹೊತ್ತು ಊರೂರು ಸುತ್ತುತ್ತಿದ್ದಳು. ಹಿಟ್ಟು ತಿಂದ ಮಕ್ಕಳು ಹಲಗೆಯ ಮೇಲೆ ಮಲಗಿಸಿದರೆ ಕೈಗೆ ಸಿಗದಂತೆ ಒದೆಯುತ್ತಿದ್ದವು. ಅವಳ ಊರಿನವು ಸುಮ್ಮನೆ ಬಿದ್ದಿರುತ್ತಿದ್ದವು.

"ಏನಕ್ಕಾ, ನಾವೆಷ್ಟು ಕುಳ್ಳರು ಅಂತ ಈ ಸಲಾನೂ ನೋಡ್ಕೊಂಡು ಹೋಗೋಕೆ ಬಂದ್ಯಾ?" ಎಂದು ತಂಗಿ ಕತರಿನಾ ಚುಚ್ಚುತ್ತಿದ್ದಳು.

ಕತರಿನಾಳ ಮಗಳು ಮಿಕಾಯೆಲಾಳಿಗೆ ಒಂದೂವರೆ ವರ್ಷವಾದರೂ ನಿಲ್ಲಲು ಬರುತ್ತಿರಲಿಲ್ಲ. ತೀರಾ ಸೊರಗಿದ ಮಗುವನ್ನು ಯಾವ ಊರಿನದಾದರೂ ಆಸ್ಪತ್ರೆಗೆ ಕಳಿಸಿ, ಹಿಟ್ಟು ಕೊಡಬೇಕೆಂಬ ನಿಯಮವಿತ್ತು. ಅದಕ್ಕೊಂದು ಗಡಿಯಿತ್ತು. ಮಿಕಾಯೆಲಾಳ ತೂಕ ಆ ಗಡಿಗಿಂತ ಇನ್ನೂರು ಗ್ರಾಂ ಜಾಸ್ತಿ.

"ಇನ್ನೆಷ್ಟು ಸೊರಗ್ಬೇಕಕ್ಕಾ? ಹೇಳ್ಬಿಡು, ಅಷ್ಟಾದ್ಮೇಲೆ ಕರ್ಕೊಂಡು ಬರ್ತೀನಿ" ಅಂದಳು ಕತರಿನಾ.

ಸೆಬಾಸ್ತಿಯಾನಾ ತಲೆಯೆತ್ತದೆ ಮುನ್ನೂರು ಗ್ರಾಂ ಕಡಿಮೆ ಬರೆದಳು. ಕೂಸು ಆಸ್ಪತ್ರೆಗೆ ಹೋಗಿ ಬಂತು. ಎರಡು ತಿಂಗಳಲ್ಲಿ ಗೋಡೆ ಹಿಡಿದು ನಿಂತಿತು.

ಊರಿಗೆ ವಿಷಯ ಗೊತ್ತಾಗಲು ಎಷ್ಟು ಹೊತ್ತು? ಮುಂದಿನ ಸಲ ಪಕ್ಕದ ಮನೆಯ ಮನುವೆಲಾ ಮಗನನ್ನು ತಕ್ಕಡಿಗೆ ಹಾಕುತ್ತಲೇ ತಗ್ಗಿದ ದನಿಯಲ್ಲಿ, "ನನ್ನ ಹುಡುಗಂದೂ ಒಂಚೂರು ಇಳ್ಸಮ್ಮ. ನಿಮ್ಮನೆ ಕೂಸಿಗೆ ಮಾತ್ರಾನಾ ಹೊಟ್ಟೆ ಇರೋದು?" ಅಂದಳು. ಇಳಿಸಿದಳು. ಒಬ್ಬರಿಗೆ ಮಾಡಿದ ಮೇಲೆ ಇನ್ನೊಬ್ಬರಿಗೆ ಇಲ್ಲವೆನ್ನುವುದು ಹೇಗೆ? ಆ ಸಲ ಹನ್ನೊಂದು ಮಕ್ಕಳಾದವು. ಕೆಲಸ ಬಿಟ್ಟುಬಿಡೋಣವೆಂದರೆ ಬೇರೆ ಯಾರೋ ಬಂದು ನಿಜವನ್ನೇ ಬರೆಯುತ್ತಾರೆ.

ಕೊನೆಗೆ ಡಾಕ್ಟರ್ ಲೆದೆಸ್ಮಾ ಅವಳ ಮನೆಗೇ ಬಂದರು.

"ಸೆಬಾಸ್ತಿಯಾನಾ, ನಿಮ್ಮೂರ ಮಕ್ಕಳು ಮೂರೇ ತಿಂಗಳಲ್ಲಿ ಇಷ್ಟು ಹೇಗೆ ಇಳಿದ್ರು?"

"ಇಳೀಲಿಲ್ಲ ಡಾಕ್ಟ್ರೇ. ನಾನೇ ಇಳ್ಸಿದ್ದು."

ಡಾಕ್ಟರ್ ಕೈಯಲ್ಲಿದ್ದ ಅಳತೆಯ ಹಾಳೆಗಳನ್ನು ಮಡಚಿದರು. ಆಮೇಲೆ, "ನನ್ನನ್ನ ಒಂದ್ಮಾತು ಕೇಳ್ಬಹುದಿತ್ತಲ್ಲ" ಅಂದರು.

"ಕೇಳಿದ್ರೆ ಏನ್ ಹೇಳ್ತಿದ್ರಿ?"

"ಆಗಲ್ಲ ಅಂತಿದ್ದೆ. ಎಲ್ರಿಗೂ ಕೊಟ್ಬಿಟ್ರೆ ಇದು ಹಿಟ್ಟಿಂದಾನೇ ಆಯ್ತು ಅಂತ ತೋರ್ಸಕ್ಕಾಗಲ್ಲ. ತೋರಿಸ್ದೇ ಇದ್ರೆ ಸರ್ಕಾರ ಯಾರಿಗೂ ಕೊಡಲ್ಲ."

"ಅಂದ್ರೆ ನಮ್ ಮಕ್ಳು ಸಣ್ಣಗಾದ್ರೇನೇ ನಿಮ್ಮಾತು ನಿಜ ಆಗೋದು."

"ಹೌದು" ಅಂದರು ಡಾಕ್ಟರ್, ಅವಳ ಮುಖ ನೋಡದೆ.

ಊರಿನ ಮಕ್ಕಳ ಬಗ್ಗೆ ಅವಳು ಬರೆದದ್ದನ್ನೆಲ್ಲ ತೆಗೆದುಹಾಕಿದರು. ಚುವಿಶಾಕ್‌ನ ಮಕ್ಕಳನ್ನು ಇನ್ನೊಂದು ವರ್ಷ ಹೊಸದಾಗಿ ಅಳೆಯಬೇಕಾಯಿತು. ಅಲ್ಲಿಯವರೆಗೆ ಊರಿಗೆ ಹಿಟ್ಟಿಲ್ಲ. ಮಿಕಾಯೆಲಾ ಮತ್ತು ಆ ಹನ್ನೊಂದು ಮಕ್ಕಳ ಹಿಟ್ಟನ್ನು ಮಾತ್ರ ಡಾಕ್ಟರ್ ನಿಲ್ಲಿಸಲಿಲ್ಲ. ಸೆಬಾಸ್ತಿಯಾನಾಳ ಕೆಲಸ ಹೋಯಿತು. ಜೋಳದ ಗಿರಣಿಯ ಮುಂದೆ ಉಳಿದ ತಾಯಂದಿರು ಅವಳನ್ನು ಕಂಡು ಮುಖ ತಿರುಗಿಸಿದರು. ಮನುವೆಲಾ ಕೂಡ ನಾಲ್ಕು ಜನರೆದುರು ಮಾತಾಡಿಸಲು ಹೆದರಿದಳು.

ಹೊಸದಾಗಿ ಬಂದ ಅಳತೆಯವಳಿಗೆ ಕಿಚೆ ಬರುತ್ತಿರಲಿಲ್ಲ. ಮಕ್ಕಳು ಚೀರಾಡಿದವು, ತಾಯಂದಿರು ಹಲಗೆಯ ಹತ್ತಿರ ಬರಲು ಒಪ್ಪಲಿಲ್ಲ. ಅವರು ಒಪ್ಪದಿದ್ದರೆ ಊರು ಹಿಟ್ಟಿನ ಪಟ್ಟಿಯಿಂದಲೇ ಬಿದ್ದುಹೋಗುತ್ತದೆಂದು ಸೆಬಾಸ್ತಿಯಾನಾಳಿಗೆ ಗೊತ್ತಿತ್ತು. ಯಾರೂ ಕರೆಯದಿದ್ದರೂ ಹೋಗಿ ಮೊಣಕಾಲೂರಿ ಕೂತು ಒಂದು ಕೂಸಿನ ಪಾದ ಹಿಡಿದಳು. ಅಳತೆಯವಳು ಸ್ಪ್ಯಾನಿಷ್‌ನಲ್ಲಿ ಓದಿದ್ದನ್ನು ತಾಯಿಗೆ ಕಿಚೆಯಲ್ಲಿ ಇದ್ದದ್ದು ಇದ್ದಂತೆ ಹೇಳಿದಳು.

"ಇನ್ನೆಷ್ಟು ತಿಂಗ್ಳು ಕಾಯ್ಬೇಕು?" ಎಂದು ಆ ತಾಯಿ ಎತ್ತಲೋ ನೋಡುತ್ತ ಕೇಳಿದಳು.

"ಹನ್ನೆರಡು" ಎಂದು ಸೆಬಾಸ್ತಿಯಾನಾ ಮುಂದಿನ ಕೂಸಿಗೆ ಕೈ ಚಾಚಿದಳು.